ಛಾಯಾಚಿತ್ರವನ್ನು ತಿದ್ದಬಹುದೇ?

ಛಾಯಾಚಿತ್ರವೆಂದರೆ ಸತ್ಯಕ್ಕೆ ಹಿಡಿದ ಕನ್ನಡಿ ಎಂದು ಜನ ನಂಬಿದ್ದಾರೆ. ಬಾಯಿಮಾತಿಗೆ ಸಾಕ್ಷಿ ಬೇಕು, ಬರಹಕ್ಕೆ ಸಹಿ ಬೇಕು. ಫೋಟೋ ಒಂದಕ್ಕೆ ಮಾತ್ರ ತಾನೇ ಸಾಕ್ಷಿ, ತಾನೇ ಸಹಿ. ಪರೀಕ್ಷೆಯ ಪ್ರವೇಶಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ಹೆಣ್ಣು ನೋಡುವ ಮಾತುಕತೆ, ತೀರಿಹೋದ ಹಿರಿಯರ ಪೂಜೆ, ಇವೆಲ್ಲಕ್ಕೂ ಫೋಟೋ ಬೇಕೇಬೇಕಾದ ಕಾಲವಿದು. ಹಿಂದೆ ಊರಿಗೊಬ್ಬ ಫೋಟೋಗ್ರಾಫರನಿದ್ದ. ಈಗ ನಮ್ಮ ತರಗತಿಯಲ್ಲಿ ಕೂತವರೆಲ್ಲ ಫೋಟೋಗ್ರಾಫರರೇ. ತೆಗೆದ ಫೋಟೋವನ್ನು ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ಆಮೇಲೆ ತಿದ್ದುವುದೂ ಈಗ ಬೆರಳ ತುದಿಯ ಕೆಲಸವಾಗಿದೆ. ಹೀಗಿರುವಲ್ಲಿ, ಹಾಗೆ ತಿದ್ದುವುದು ಸರಿಯೇ ತಪ್ಪೇ ಎಂಬ ಪ್ರಶ್ನೆಯನ್ನು ನಾವು ವಿದ್ಯಾರ್ಥಿಗಳು ವಿಚಾರಿಸಿ ನೋಡುವುದು ಅಗತ್ಯವೆಂದು ನನಗೆ ತೋರಿದೆ.

ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ಕ್ಯಾಮೆರಾ ಕೊಟ್ಟದ್ದೇ ನಿಜ, ಅದಕ್ಕೆ ಕೈಹಚ್ಚಿದರೆ ಮೋಸ ಎನ್ನುವವರು ಒಂದು ಪಕ್ಷದವರು. ಛಾಯಾಗ್ರಹಣವೂ ಒಂದು ಕಲೆ, ಕಲೆಗಾರನ ಕೈ ಹಿಡಿಯುವವರು ಯಾರು ಎನ್ನುವವರು ಇನ್ನೊಂದು ಪಕ್ಷದವರು. ಎರಡೂ ಕಡೆಯವರು ಕೇಳುವ ಪ್ರಶ್ನೆ ‘ತಿದ್ದಬೇಕೋ ಬೇಡವೋ’ ಎಂಬುದು. ನನ್ನ ಅಲ್ಪಮತಿಗೆ ತೋಚುವಂತೆ ಕೇಳಬೇಕಾದ ಪ್ರಶ್ನೆ ಬೇರೆ: ‘ತಿದ್ದುವುದು ಏನನ್ನು? ಕ್ಯಾಮೆರಾದ ತಪ್ಪನ್ನೋ, ಕ್ಯಾಮೆರಾದ ಮುಂದೆ ನಿಂತವರನ್ನೋ?’ ಈ ಭೇದವನ್ನು ತಿಳಿಸುವುದಷ್ಟೇ ಪ್ರಕೃತ ಲೇಖನದ ಉದ್ದೇಶ.

೧. ಕ್ಯಾಮೆರಾ ಕೊಡುವುದೇನು?

ಮೊದಲು, ಕ್ಯಾಮೆರಾ ಕೊಟ್ಟದ್ದೇ ನಿಜ ಎಂಬ ಮಾತನ್ನು ಪರೀಕ್ಷಿಸೋಣ. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಬದಲು ಸೆನ್ಸರ್ ಎಂಬ ಚಿಕ್ಕ ಫಲಕವಿರುತ್ತದೆ. ಅದರ ಮೇಲೆ ಲಕ್ಷಾಂತರ ಸೂಕ್ಷ್ಮ ಕೋಶಗಳು. ಬೆಳಕು ಬಿದ್ದಷ್ಟೂ ಕೋಶದಲ್ಲಿ ವಿದ್ಯುತ್ತು ತುಂಬುತ್ತದೆ. ಆದರೆ ಕೋಶಕ್ಕೆ ಬೆಳಕಿನ ಪ್ರಮಾಣ ತಿಳಿಯುವುದೇ ಹೊರತು ಬಣ್ಣ ತಿಳಿಯದು. ಆದುದರಿಂದ ಪ್ರತಿಯೊಂದು ಕೋಶದ ಮೇಲೂ ಕೆಂಪು, ಹಸಿರು, ನೀಲಿ ಇವುಗಳಲ್ಲಿ ಒಂದು ಬಣ್ಣದ ಪರದೆಯನ್ನು ಕೂಡಿಸಿರುತ್ತಾರೆ. ಕೊಡಾಕ್ ಕಂಪನಿಯ ವಿಜ್ಞಾನಿ ಬ್ರೈಸ್ ಬೇಯರ್ ಎಂಬುವರು ಇದಕ್ಕೆ ೧೯೭೬ರಲ್ಲಿ ಪೇಟೆಂಟು ಪಡೆದರು. ಅವರ ಜೋಡಣೆಯಲ್ಲಿ ಅರ್ಧ ಕೋಶಗಳು ಹಸಿರಿನವು, ಕಾಲುಭಾಗ ಕೆಂಪಿನವು, ಕಾಲುಭಾಗ ನೀಲಿಯವು.

ಇದರ ಅರ್ಥವೇನು? ೧ ಕೋಟಿ ೨೦ ಲಕ್ಷ ಕೋಶಗಳ ಕ್ಯಾಮೆರಾ ಒಂದನ್ನು ತೆಗೆದುಕೊಳ್ಳಿರಿ. ಪೂರ್ಣ ಬಣ್ಣದ ಚಿತ್ರಕ್ಕೆ ಪ್ರತಿ ಬಿಂದುವಿನಲ್ಲಿಯೂ ಮೂರು ಬಣ್ಣಗಳ ಲೆಕ್ಕ ಬೇಕು, ಅಂದರೆ ೩ ಕೋಟಿ ೬೦ ಲಕ್ಷ ಅಂಕಿಗಳು ಬೇಕು. ಸೆನ್ಸರ್ ಅಳೆದದ್ದು ಅದರಲ್ಲಿ ಮೂರನೆಯ ಒಂದು ಪಾಲು ಮಾತ್ರ. ಉಳಿದ ೨ ಕೋಟಿ ೪೦ ಲಕ್ಷ ಅಂಕಿಗಳನ್ನು ಯಂತ್ರವು ಅಕ್ಕಪಕ್ಕದ ಕೋಶಗಳನ್ನು ನೋಡಿ ಅಂದಾಜು ಮಾಡುತ್ತದೆ. ಆಮೇಲೆ ಬಿಳಿಯದು ಯಾವುದೆಂದು ತಾನೇ ತೀರ್ಮಾನಿಸುತ್ತದೆ, ಅಂಚುಗಳನ್ನು ಹರಿತಗೊಳಿಸುತ್ತದೆ, ನೆರಳನ್ನು ಎತ್ತುತ್ತದೆ ಅಥವಾ ಇಳಿಸುತ್ತದೆ. ಒಳ್ಳೆಯ ಕ್ಯಾಮೆರಾ ೧೬,೩೮೪ ಮೆಟ್ಟಿಲುಗಳಲ್ಲಿ ಅಳೆದ ಬೆಳಕನ್ನು ಜೆಪೆಗ್ ಎಂಬ ಚಿತ್ರವಾಗಿಸುವಾಗ ೨೫೬ ಮೆಟ್ಟಿಲುಗಳಿಗೆ ಇಳಿಸಿ ಉಳಿದದ್ದನ್ನು ಎಸೆಯುತ್ತದೆ. ಎಸೆಯದೆ ಇಟ್ಟುಕೊಂಡ ಕಚ್ಚಾ ಲೆಕ್ಕವನ್ನೇ ಫೋಟೋಗ್ರಾಫರರು ‘ರಾ’ ಫೈಲು ಎಂದು ಕರೆಯುತ್ತಾರೆ.

ಮೊಬೈಲುಗಳಂತೂ ಇನ್ನೂ ಮುಂದೆ ಹೋಗಿವೆ. ನಾವು ಒಂದು ಸಲ ಒತ್ತಿದರೆ ಅವು ಹಲವು ಚಿತ್ರಗಳನ್ನು ತೆಗೆದು ಕೂಡಿಸಿ ಒಂದು ಮಾಡಿ ಕೊಡುತ್ತವೆ. ೨೦೨೩ರಲ್ಲಿ ಒಬ್ಬರು ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರಿನ ಪರದೆಯ ಮೇಲಿಟ್ಟು, ದೂರದಿಂದ ಸ್ಯಾಮ್ಸಂಗ್ ಮೊಬೈಲಿನಿಂದ ಅದರ ಫೋಟೋ ತೆಗೆದರು. ಪರದೆಯ ಮೇಲೆ ಇಲ್ಲದ ಕುಳಿಗಳೂ ಕಲೆಗಳೂ ಫೋಟೋದಲ್ಲಿ ಮೂಡಿದ್ದವು! ಚಂದ್ರನು ಹೇಗಿರಬೇಕೆಂದು ಮೊಬೈಲು ಮೊದಲೇ ಕಲಿತಿದ್ದಿತು.

ಹೀಗೆ, ತಿದ್ದದ ಡಿಜಿಟಲ್ ಫೋಟೋ ಎಂಬುದೇ ಇಲ್ಲ. ನಾವು ತಿದ್ದದಿದ್ದರೆ ದೂರದ ಯಾವುದೋ ಊರಿನ ಇಂಜಿನಿಯರನೊಬ್ಬ ಮೊದಲೇ ತಿದ್ದಿರುತ್ತಾನೆ. ಅವನಿಗೆ ನಮ್ಮ ಹೊಲ ಗೊತ್ತಿಲ್ಲ, ನಮ್ಮ ಬಿಸಿಲು ಗೊತ್ತಿಲ್ಲ, ನಮ್ಮ ಮುಖವೂ ಗೊತ್ತಿಲ್ಲ. ಹಾಗಾದ ಮೇಲೆ ಕೈಹಚ್ಚಿದರೆ ಮೋಸವೆನ್ನುವ ಪಕ್ಷ ನಿಲ್ಲುವುದಿಲ್ಲ.

೨. ತಿದ್ದುವುದು ಹೊಸದಲ್ಲ

ತಿದ್ದುವ ಚಪಲ ಕಂಪ್ಯೂಟರಿನ ಕಾಲದ್ದೆಂದು ತಿಳಿಯುವುದೂ ಸರಿಯಲ್ಲ. ಛಾಯಾಗ್ರಹಣವು ೧೮೩೯ರಲ್ಲಿ ಯೂರೋಪಿನಲ್ಲಿ ಪ್ರಕಟವಾಗಿ, ಹದಿನೈದು ವರ್ಷಗಳೊಳಗಾಗಿ ಕನ್ನಡ ನಾಡಿನ ಗುಡಿಗಳ ಮುಂದೆ ಬಂದು ನಿಂತಿತು. ೧೮೫೪ರಲ್ಲಿ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿಯೂ ಡಾಕ್ಟರ್ ಆಂಡ್ರ್ಯೂ ನೀಲ್ ಎಂಬುವರೂ ಬೇಲೂರು ಹಳೇಬೀಡುಗಳ ಚಿತ್ರಗಳನ್ನು ತೆಗೆದರು. ಆ ಕಾಲದ ನೆಗೆಟಿವ್ ಕಾಗದಕ್ಕೆ ನೀಲಿ ಬೆಳಕು ಬಲು ಬೇಗ ಹತ್ತುತ್ತಿತ್ತು. ಗೋಪುರ ಸರಿಯಾಗಿ ಮೂಡುವ ಹೊತ್ತಿಗೆ ಆಕಾಶವೆಲ್ಲ ಕೆಟ್ಟು ಬರಿಯ ಬಿಳಿಯಾಗುತ್ತಿತ್ತು. ಟ್ರೈಪ್ ಮರುವರ್ಷ ಬರ್ಮಾ ದೇಶದಲ್ಲಿ ತೆಗೆದ ನೆಗೆಟಿವ್‌ಗಳ ಮೇಲೆ ಕುಂಚ ಹಿಡಿದು ಮೋಡಗಳನ್ನು ಬರೆದದ್ದುಂಟು.

ನಮ್ಮ ಸುರಪುರಕ್ಕೂ ಈ ಇತಿಹಾಸದಲ್ಲಿ ಒಂದು ಪಾಲಿದೆ. ಸುರಪುರ ಸಂಸ್ಥಾನದ ಆಡಳಿತವನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ನೋಡಿಕೊಂಡ ಮೆಡೋಸ್ ಟೇಲರನ ಹೆಸರನ್ನು ಕೇಳದವರು ಈ ಭಾಗದಲ್ಲಿ ಕಡಿಮೆ; ಅವನ ಬಂಗಲೆ ‘ಟೇಲರ್ ಮಂಜಿಲ್’ ಇಂದಿಗೂ ಆ ಹೆಸರಿನಿಂದಲೇ ಪ್ರಸಿದ್ಧ. ರಾಜನ ಕೋಳೂರಿನ ಶಿಲಾಸಮಾಧಿಗಳನ್ನು ಲೋಕಕ್ಕೆ ತಿಳಿಸಿದವನೂ ಅವನೇ. ೧೮೬೬ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಒಂದು ದೊಡ್ಡ ಪುಸ್ತಕ ಹೊರಬಿತ್ತು. ಅದರ ಛಾಯಾಚಿತ್ರಗಳು ಪಿಗೌ, ನೀಲ್, ಬಿಗ್ಸ್ ಎಂಬ ಮೂವರವು. ಶಿಲ್ಪದ ಟಿಪ್ಪಣಿ ಫರ್ಗ್ಯುಸನ್ನನದು. ಇತಿಹಾಸದ ಬರಹ ಈ ಟೇಲರನದು.

ಇಲ್ಲಿ ಒಂದು ವಿಚಾರವನ್ನು ಗಮನಿಸಬೇಕು. ಗುಡಿಯನ್ನು ಎಂದೂ ಕಾಣದ ಓದುಗನೊಬ್ಬ ಸಾವಿರಾರು ಮೈಲಿ ದೂರದಲ್ಲಿ ಆ ಚಿತ್ರಗಳನ್ನು ನಂಬಿ ಕಂಬಗಳನ್ನು ಎಣಿಸುತ್ತಾನೆ, ಶೈಲಿಗಳನ್ನು ಹೋಲಿಸುತ್ತಾನೆ. ಆಕಾಶಕ್ಕೆ ಒಂದು ಮೋಡ ಬರೆದರೆ ಅವನ ಲೆಕ್ಕ ಕೆಡುವುದಿಲ್ಲ. ಆದರೆ ಮುರಿದು ಬಿದ್ದ ಕಂಬವನ್ನು ಅಂದಗೆಡುತ್ತದೆಂದು ಅಳಿಸಿದ್ದರೆ? ಭಗ್ನವಾದ ಮೂರ್ತಿಗೆ ಕೈ ಬರೆದು ಪೂರ್ಣ ಮಾಡಿದ್ದರೆ? ಇತಿಹಾಸವೇ ತಪ್ಪುತ್ತಿತ್ತು. ಮೋಡವೂ ತಿದ್ದುಪಡಿಯೇ, ಕಂಬವೂ ತಿದ್ದುಪಡಿಯೇ. ಎರಡೂ ಒಂದೇ ಅಲ್ಲವೆಂಬುದು ಸ್ಪಷ್ಟ.

ನಮ್ಮ ತಾಲ್ಲೂಕುಗಳು ೧೯೫೬ರಲ್ಲಿ ವಿಶಾಲ ಮೈಸೂರು ರಾಜ್ಯಕ್ಕೆ ಸೇರುವತನಕ ಹೈದರಾಬಾದಿಗೆ ಸೇರಿದ್ದವು. ಆ ಹೈದರಾಬಾದಿನಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಆಸ್ಥಾನ ಛಾಯಾಗ್ರಾಹಕನಾಗಿದ್ದವನು ರಾಜಾ ದೀನ್ ದಯಾಳ್. ಅಂಥ ಸ್ಟುಡಿಯೋಗಳ ಕಾಲದಲ್ಲಿ ಗಾಜಿನ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ತಿದ್ದುವುದು ಒಂದು ಕಸುಬೇ ಆಗಿತ್ತು. ನೆಗೆಟಿವ್ ಮೇಲೆ ಪೆನ್ಸಿಲು ಎಳೆದ ಕಡೆ ಬೆಳಕು ಹಾಯುವುದಿಲ್ಲ. ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಸಿಡುಬಿನ ಕಲೆ, ಮುಖದ ಸುಕ್ಕು, ಕಣ್ಣಿನ ಕೆಳಗಿನ ಕಪ್ಪು, ಇವು ಹೀಗೆ ಮಾಯವಾಗುತ್ತಿದ್ದವು. ಇಂದಿನ ಮೊಬೈಲಿನ ‘ಬ್ಯೂಟಿ’ ಗುಂಡಿಗೆ ಆ ಪೆನ್ಸಿಲೇ ಮುತ್ತಜ್ಜ.

೩. ಎರಡು ಬಗೆಯ ತಿದ್ದುಪಡಿ

ಹಾಗಾದರೆ ಯಾವ ತಿದ್ದುಪಡಿ ನ್ಯಾಯ, ಯಾವುದು ಅನ್ಯಾಯ? ನಮ್ಮ ಊರಿನದೇ ಒಂದು ಉದಾಹರಣೆಯಿಂದ ನೋಡೋಣ.

ಶಹಾಪುರದ ಕಡೆಯ ರೈತನೊಬ್ಬ ವೈಶಾಖದ ನಡುಹಗಲಿನಲ್ಲಿ ಬಿಳಿಯ ಧೋತರ, ಬಿಳಿಯ ಪಟಗಾ ತೊಟ್ಟು, ಸುಣ್ಣ ಹಚ್ಚಿದ ಗೋಡೆಯ ಮುಂದೆ ನಿಂತಿದ್ದಾನೆಂದು ಇಟ್ಟುಕೊಳ್ಳಿ. ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಒಂದು ಕುರುಡು ನಂಬಿಕೆಯಿದೆ: ಲೋಕವೆಲ್ಲ ಸರಾಸರಿಗೆ ನಡುಬೂದು ಬಣ್ಣದ್ದೆಂದು ಅದು ತಿಳಿದಿರುತ್ತದೆ. ಇಷ್ಟೊಂದು ಬಿಳಿಯನ್ನು ಕಂಡೊಡನೆ ‘ಬೆಳಕು ಹೆಚ್ಚಾಯಿತು’ ಎಂದು ಎಲ್ಲವನ್ನೂ ಕತ್ತಲುಮಾಡುತ್ತದೆ. ಗೋಡೆ ಬೂದಿಯಾಗುತ್ತದೆ, ಪಟಗದ ನೆರಳಿನಲ್ಲಿದ್ದ ರೈತನ ಕಪ್ಪು ಮುಖವು ಇದ್ದಿಲಾಗುತ್ತದೆ. ಕಣ್ಣಿಲ್ಲ, ಮೀಸೆಯಿಲ್ಲ, ನಗೆಯಿಲ್ಲ. ಎದುರಿಗೆ ನಿಂತ ನಮಗೆ ಅವನ ಮುಖದ ಒಂದೊಂದು ಗೆರೆಯೂ ಕಂಡಿತ್ತು, ಏಕೆಂದರೆ ಕಣ್ಣು ಬಿಳಿಯಿಂದ ನೆರಳಿಗೆ ಹೋದಾಗ ಹೊಂದಿಕೊಳ್ಳುತ್ತದೆ. ಕ್ಯಾಮೆರಾ ಒಂದೇ ಏಟಿಗೆ ಎಲ್ಲವನ್ನೂ ಅಳೆಯಬೇಕು. ಅಂಥಲ್ಲಿ ಆಮೇಲೆ ಕುಳಿತು ನೆರಳನ್ನು ಎತ್ತಿ, ಮುಖವನ್ನು ನಾವು ಕಂಡಷ್ಟು ಬೆಳಗಿಸಿದರೆ ಅದು ಸುಳ್ಳಲ್ಲ. ಕ್ಯಾಮೆರಾ ಹೇಳಿದ ಸುಳ್ಳನ್ನು ಸರಿಪಡಿಸಿದಂತಾಯಿತು. ತಿದ್ದದೆ ಬಿಟ್ಟರೇ ಅವನಿಗೆ ಅನ್ಯಾಯ.

ಕತ್ತಲೆಕೋಣೆಯ ದಿನಗಳಲ್ಲಿಯೂ ಹೀಗೆಯೇ ಮಾಡುತ್ತಿದ್ದರು. ಪ್ರಿಂಟು ಹಾಕುವಾಗ ಬೆಳಕಿಗೆ ಕೈಯಡ್ಡ ಹಿಡಿದು ಒಂದು ಭಾಗವನ್ನು ತಿಳಿಗೊಳಿಸುವರು, ಇನ್ನೊಂದು ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು ದಟ್ಟಗೊಳಿಸುವರು. ಅಮೆರಿಕದ ಆನ್ಸೆಲ್ ಆಡಮ್ಸ್ ಛಾಯಾಗ್ರಾಹಕನಾಗುವ ಮೊದಲು ಪಿಯಾನೋ ಕಲಿತವನು. ನೆಗೆಟಿವ್ ಎಂದರೆ ಬರೆದಿಟ್ಟ ಸ್ವರಲಿಪಿ, ಪ್ರಿಂಟೆಂದರೆ ಅದರ ಗಾಯನ ಎಂಬ ಭಾವನೆ ಅವನದು. ಅದೇ ಹೋಲಿಕೆಯನ್ನು ನಾವು ಮುಂದುವರಿಸಬಹುದು. ಗಾಯಕ ರಾಗವನ್ನು ವಿಸ್ತರಿಸಲಿ, ಶ್ರುತಿಯನ್ನು ಏರಿಸಲಿ ಇಳಿಸಲಿ. ಆದರೆ ಒಂದು ಪದವನ್ನು ಹಾಡುತ್ತೇನೆಂದು ಕುಳಿತು ಬೇರೆ ಪದವನ್ನು ಹಾಡಿದರೆ ಕೇಳುವವರು ಒಪ್ಪುವರೇ?

ಆದುದರಿಂದ ನಾನು ಮಾಡುವ ವಿಂಗಡಣೆ ಇದು. ಬೆಳಕು, ನೆರಳು, ಬಣ್ಣದ ಹದ, ಓರೆಯಾದ ಕ್ಷಿತಿಜ, ಲೆನ್ಸಿನ ಮೇಲಿದ್ದ ಧೂಳಿನ ಚುಕ್ಕೆ, ಇವು ಯಂತ್ರದ ದೋಷಗಳು. ಇವನ್ನು ತಿದ್ದುವುದು ಸರಿ. ಮನುಷ್ಯರು, ವಸ್ತುಗಳು, ಅವುಗಳ ರೂಪ, ಸ್ಥಳ, ಮೈಬಣ್ಣ, ಇವು ಲೋಕದ ಸಂಗತಿಗಳು. ಫೋಟೋವನ್ನು ನಿಜವೆಂದು ನಂಬಿ ನೋಡುವವರ ಮುಂದೆ ಇವನ್ನು ತಿದ್ದುವುದು ಸರಿಯಲ್ಲ.

೪. ಮುಖದ ಬಣ್ಣ

ಈ ವಿಂಗಡಣೆ ಕೇವಲ ಪಂಡಿತರ ಚರ್ಚೆಯಲ್ಲವೆಂಬುದಕ್ಕೆ ಮೈಬಣ್ಣದ ವಿಷಯವೊಂದೇ ಸಾಕು. ರೈತನ ಮುಖವನ್ನು ಬೆಳಗಿಸುವುದಕ್ಕೂ ಮದುವೆಯ ಹೆಣ್ಣಿನ ಮುಖವನ್ನು ಬೆಳ್ಳಗೆ ಮಾಡುವುದಕ್ಕೂ ಕಂಪ್ಯೂಟರಿನಲ್ಲಿ ಎಳೆಯುವ ಗುಂಡಿ ಒಂದೇ. ಒಂದು ಸತ್ಯದ ಕಡೆಗೆ ಎಳೆಯುತ್ತದೆ, ಇನ್ನೊಂದು ಸತ್ಯದಿಂದ ದೂರಕ್ಕೆ.

ನಮ್ಮ ಅಕ್ಕನ ಸಂಬಂಧ ನೋಡುತ್ತಿದ್ದಾಗ ಒಂದು ಸ್ಟುಡಿಯೋದಲ್ಲಿ ಅವಳ ಫೋಟೋ ತೆಗೆಸಿದ್ದರು. ತೆಗೆದವರು ಯಾರನ್ನೂ ಕೇಳದೆ ಅವಳ ಬಣ್ಣವನ್ನು ನಾಲ್ಕು ಪಾಲು ತಿಳಿಮಾಡಿ ಕೊಟ್ಟರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹೆಣ್ಣು ನೋಡುವ ಫೋಟೋ ಎಂದೊಡನೆ ಹಾಗೆ ಮಾಡುವುದು ಅವರ ರೂಢಿ. ಫೋಟೋ ನೋಡಿ ಒಪ್ಪಿ ಬಂದವರು ಅಕ್ಕನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಚಹಾ ಕುಡಿದು ಎದ್ದು ಹೋಗುವಾಗ ಹಿರಿಯರೊಬ್ಬರು, “ಫೋಟೋದಾಗಿನ ಹುಡುಗಿ ಬ್ಯಾರೆ, ಕುಂತ ಹುಡುಗಿ ಬ್ಯಾರೆ ಅದಾಳ್ರಿ” ಎಂದರು. ತಿದ್ದಿದವರು ಸ್ಟುಡಿಯೋದವರು, ಮಾತು ಕೇಳಬೇಕಾದವಳು ಅಕ್ಕ. ಮುಂದಿನ ಸಲ ಅಕ್ಕನೇ ಹೋಗಿ, ಬಣ್ಣ ಮುಟ್ಟಬೇಡಿರೆಂದು ಹೇಳಿ ಇನ್ನೊಂದು ಫೋಟೋ ತೆಗೆಸಿಕೊಂಡು ಬಂದಳು. ಅದನ್ನು ನೋಡಿ ನಮ್ಮ ಆಯಿ, “ಈಗ ನಮ್ಮ ಹುಡುಗಿ ಕಾಣಸ್ತಾಳ ನೋಡವಾ” ಎಂದಳು.

ನಾನು ಈ ಮಾತನ್ನು ಮನೆಯ ಕಥೆ ಹೇಳಬೇಕೆಂದು ಎತ್ತಲಿಲ್ಲ. ಇಂಥದು ನಮ್ಮ ಎಷ್ಟೋ ಮನೆಗಳಲ್ಲಿ ನಡೆದಿರುತ್ತದೆ. ಹೆಣ್ಣಿನ ಬಣ್ಣವನ್ನು ತಿದ್ದಿದ ಫೋಟೋ ‘ನಿನ್ನ ಬಣ್ಣವೇ ಒಂದು ತಪ್ಪು’ ಎಂದು ಅವಳಿಗೆ ಹೇಳುತ್ತದೆ. ನಡತೆಯಲ್ಲಿ ದೋಷವಿದ್ದರೆ ತಿದ್ದಿಕೊಳ್ಳಬಹುದು; ಹುಟ್ಟಿನಿಂದ ಬಂದ ಬಣ್ಣ ದೋಷವಾದದ್ದು ಯಾವಾಗ?

ಯಂತ್ರಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಬಣ್ಣದ ಪ್ರಿಂಟುಗಳನ್ನು ಹದಗೊಳಿಸಲು ಕೊಡಾಕ್ ಕಂಪನಿ ಲ್ಯಾಬುಗಳಿಗೆ ಮಾದರಿ ಕಾರ್ಡುಗಳನ್ನು ಕಳುಹಿಸುತ್ತಿತ್ತು. ದಶಕಗಳ ಕಾಲ ಅವುಗಳ ಮೇಲಿದ್ದುದು ಬಿಳಿಯ ಹೆಂಗಸಿನ ಚಿತ್ರವೇ. ಅವಕ್ಕೆ ‘ಶರ್ಲಿ ಕಾರ್ಡು’ ಎಂದು ಹೆಸರು. ಬಿಳಿಯ ಚರ್ಮ ಸರಿಯಾಗಿ ಬಂದರೆ ಫೋಟೋ ಸರಿ ಎಂದು ಲೆಕ್ಕ. ಕಪ್ಪು ಚರ್ಮದ ಛಾಯೆಗಳು ಒಂದೇ ಕಪ್ಪಾಗಿ ಕೂಡಿಹೋದರೂ ಕೇಳುವವರಿರಲಿಲ್ಲ. ಗೂಗಲ್ ಕಂಪನಿ ಎಲ್ಲ ಮೈಬಣ್ಣಗಳೂ ಸರಿಯಾಗಿ ಮೂಡುವಂತೆ ತನ್ನ ಮೊಬೈಲಿನ ಕ್ಯಾಮೆರಾವನ್ನು ತಿದ್ದಿದ್ದೇನೆಂದು ಹೇಳಿದ್ದು ೨೦೨೧ರಲ್ಲಿ. ಹೀಗಾಗಿ ಕಪ್ಪು ಬಣ್ಣದವರ ಫೋಟೋಗೆ ತಿದ್ದುಪಡಿ ಎರಡು ರೀತಿಯಲ್ಲಿ ಬರುತ್ತದೆ. ಯಂತ್ರ ಕಿತ್ತುಕೊಂಡ ಅವರ ಛಾಯೆಯನ್ನು ಮರಳಿ ಕೊಡುವ ತಿದ್ದುಪಡಿ ಒಂದು. ಅವರ ಬಣ್ಣವನ್ನೇ ಕಿತ್ತುಕೊಳ್ಳುವ ತಿದ್ದುಪಡಿ ಇನ್ನೊಂದು. ಫೋಟೋಗ್ರಾಫರನು ಯಾವುದನ್ನು ಮಾಡುತ್ತಿದ್ದೇನೆಂದು ತಿಳಿದು ಮಾಡಬೇಕು.

ಹಿರಿಯರ ಪಟಗಳ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ. ತೀರಿಹೋದವರದು ದೊಡ್ಡ ಪಟ ಇರುವುದಿಲ್ಲ. ಯಾವುದೋ ಚೀಟಿಯ ಮೇಲಿನ ಉಗುರಿನಷ್ಟು ಫೋಟೋವನ್ನು ಹಿಡಿದುಕೊಂಡು ಮನೆಯವರು ಸ್ಟುಡಿಯೋಗೆ ಹೋಗುತ್ತಾರೆ. ಅದರ ಮೇಲಿನ ಮಡಿಕೆ, ಮೊಹರು, ಕಲೆಗಳನ್ನು ತೆಗೆದು ಮುಖವನ್ನು ಉಳಿಸಿಕೊಡುವುದು ಪುಣ್ಯದ ಕೆಲಸ. ಆದರೆ ಜೀವಮಾನವೆಲ್ಲ ಹೆಗಲ ಮೇಲೆ ಕಂಬಳಿ ಹೊತ್ತ ಮುತ್ಯಾನಿಗೆ ಕೋಟು ಟೈ ತೊಡಿಸಿ ಕೊಟ್ಟರೆ, ಮುಂದಿನ ಮಕ್ಕಳು ಕೈಮುಗಿಯುವುದು ಯಾರಿಗೆ?

೫. ತಿದ್ದದೆ ಹೇಳುವ ಸುಳ್ಳು

ಇನ್ನು ಇನ್ನೊಂದು ಮುಖವನ್ನು ನೋಡೋಣ. ತಿದ್ದದಿದ್ದ ಮಾತ್ರಕ್ಕೆ ಫೋಟೋ ನಿಜವಾಗುವುದೇ?

ಶಹಾಪುರದ ಬೆಟ್ಟಸಾಲನ್ನು ಒಂದು ದಿಕ್ಕಿನಿಂದ ನೋಡಿದರೆ ಬುದ್ಧನು ಮಲಗಿದಂತೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲವೂ. ದೂರದೂರದಿಂದ ಜನ ನೋಡಲು ಬರುತ್ತಾರೆ. ಸ್ವಲ್ಪ ದೂರ ಸರಿದು ನಿಂತರೆ ಬುದ್ಧನಿಲ್ಲ, ಬರಿಯ ಬಂಡೆಗಳು. ಬಂಡೆಗಳನ್ನು ಯಾರೂ ತಿದ್ದಲಿಲ್ಲ. ನಿಂತ ಜಾಗವೇ ಬುದ್ಧನನ್ನು ಮಾಡಿತು. ಈ ನೋಟದಲ್ಲಿ ಮೋಸವಿಲ್ಲ, ಏಕೆಂದರೆ ಬೆಟ್ಟವನ್ನೇ ತೋರಿಸುತ್ತಿದ್ದೇವೆಂದು ಎಲ್ಲರಿಗೂ ತಿಳಿದಿದೆ. ಮೂಗು ಇನ್ನೂ ಚೂಪಾಗಲೆಂದು ಕಂಪ್ಯೂಟರಿನಲ್ಲಿ ಎಳೆದರೆ ಮಾತ್ರ ಪ್ರಕೃತಿಯ ಆ ಸೋಜಿಗ ಸತ್ತಂತೆ. ಆದರೆ ನಿಂತ ಜಾಗಕ್ಕೆ ಇಷ್ಟು ಶಕ್ತಿಯಿದೆಯೆಂಬುದನ್ನು ನಾವು ಮರೆಯಬಾರದು. ಹತ್ತು ಜನರ ಸಭೆಯನ್ನು ತೀರ ಹತ್ತಿರದಿಂದ ತೆಗೆದು ಜನಸಾಗರವೆನ್ನಿಸಲು ಯಾವ ತಿದ್ದುಪಡಿಯೂ ಬೇಕಿಲ್ಲ.

ಇದಕ್ಕಿಂತ ಕಠಿಣವಾದ ಉದಾಹರಣೆ ಉದ್ಯೋಗ ಖಾತ್ರಿ ಕೆಲಸದ್ದು. ಕೂಲಿಕಾರರ ಹಾಜರಿಯನ್ನು ಮೊಬೈಲಿನಲ್ಲಿ ಫೋಟೋಸಹಿತ ದಾಖಲಿಸುವ ವ್ಯವಸ್ಥೆ ೨೦೨೧ರಲ್ಲಿ ಆರಂಭವಾಗಿ, ೨೦೨೩ರ ಜನವರಿ ೧ರಿಂದ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಫೋಟೋ. ಅದು ಸರಿಯಾಗಿ ಏರದಿದ್ದರೆ ಬಿಸಿಲಿನಲ್ಲಿ ಅಗೆದವರ ಕೂಲಿಗೇ ತೊಂದರೆ. ೨೦೨೫ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ ಇದರ ದುರುಪಯೋಗಗಳನ್ನು ಪಟ್ಟಿಮಾಡಿತು: ಕೆಲಸಕ್ಕೆ ಸಂಬಂಧವಿಲ್ಲದ ಫೋಟೋ ಏರಿಸುವುದು, ಫೋಟೋದ ಫೋಟೋ ತೆಗೆದು ಏರಿಸುವುದು, ಬೆಳಗಿನ ಫೋಟೋದಲ್ಲಿ ಒಬ್ಬರು ಮಧ್ಯಾಹ್ನದ ಫೋಟೋದಲ್ಲಿ ಇನ್ನೊಬ್ಬರು ಇರುವುದು. ಇವುಗಳಲ್ಲಿ ಬಣ್ಣ ಬೆಳಕುಗಳನ್ನು ಯಾರೂ ತಿದ್ದಲಿಲ್ಲ. ಆದರೂ ಇವು ಸುಳ್ಳು. ಸಾಕ್ಷಿ ಹೇಳುತ್ತೇನೆಂದು ಮಾತು ಕೊಟ್ಟ ಫೋಟೋ ಆ ಮಾತಿಗೆ ತಪ್ಪಿತು. ಫೋಟೋದ ಪ್ರಾಮಾಣಿಕತೆ ನಿಂತಿರುವುದು ಅದು ನೋಡುವವರಿಗೆ ಕೊಟ್ಟ ಮಾತಿನ ಮೇಲೆ.

೬. ವರದಿ, ನಿಸರ್ಗ, ಕಲೆ

ಕೊಟ್ಟ ಮಾತು ಎಲ್ಲ ಫೋಟೋಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಪತ್ರಿಕೆಯ ವರದಿಯ ಫೋಟೋ ‘ಹೀಗೆ ನಡೆಯಿತು’ ಎಂದು ಮಾತು ಕೊಡುತ್ತದೆ. ಆದುದರಿಂದ ಅಲ್ಲಿ ನಿಯಮ ಬಿಗಿ. ವಿಶ್ವ ಪತ್ರಿಕಾ ಛಾಯಾಚಿತ್ರ ಸ್ಪರ್ಧೆಯಲ್ಲಿ ೨೦೧೫ರಲ್ಲಿ ಕೊನೆಯ ಸುತ್ತುಗಳಿಗೆ ಬಂದ ಚಿತ್ರಗಳಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಮಿತಿಮೀರಿ ತಿದ್ದಲಾಗಿದೆ ಎಂದು ತಳ್ಳಿಹಾಕಿದರು. ಅದೇ ವರ್ಷ ಡಿಸೆಂಬರಿನಲ್ಲಿ ಚೆನ್ನೈ ಪ್ರವಾಹದ ವೇಳೆ ಪ್ರಧಾನಿಗಳು ಮೇಲಿನಿಂದ ಊರನ್ನು ವೀಕ್ಷಿಸುವ ಫೋಟೋವೊಂದನ್ನು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಹೊರಡಿಸಿತು. ಮೂಲದಲ್ಲಿ ಮಸುಕಾಗಿದ್ದ ಕಿಟಕಿಯೊಳಗೆ ಬೇರೊಂದು ಸ್ಪಷ್ಟ ಚಿತ್ರವನ್ನು ಕೂಡಿಸಲಾಗಿತ್ತು. ಟೀಕೆ ಬಂದೊಡನೆ ಅದನ್ನು ಹಿಂತೆಗೆದುಕೊಂಡರು. ಈ ಪ್ರಸಂಗ ನಮ್ಮ ವಿಂಗಡಣೆಗೆ ಒಳ್ಳೆಯ ಪಾಠ. ಅದೇ ಕಿಟಕಿಯ ಮಸುಕನ್ನು ಅದೇ ಚಿತ್ರದೊಳಗೆ ತಿಳಿಗೊಳಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಬೇರೆ ನೋಟವನ್ನು ತಂದು ಅಂಟಿಸಿದ್ದೇ ತಪ್ಪಾಯಿತು.

ನಿಸರ್ಗದ ಫೋಟೋಗಳಿಗೆ ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಘಗಳು ಒಪ್ಪಿದ ನಿಯಮವೂ ಹೀಗೆಯೇ ಇದೆ. ಅಂಚನ್ನು ಕತ್ತರಿಸಬಹುದು, ಬೆಳಕು ಬಣ್ಣಗಳನ್ನು ಸಹಜವಾಗಿ ಕಾಣುವಷ್ಟು ಹದಗೊಳಿಸಬಹುದು; ಏನನ್ನೂ ಸೇರಿಸುವಂತಿಲ್ಲ, ಸರಿಸುವಂತಿಲ್ಲ, ತೆಗೆಯುವಂತಿಲ್ಲ. ಇದನ್ನು ಅತಿ ಎನ್ನುವವರು ಸುರಪುರದ ಹತ್ತಿರದ ಬೋನಾಳ ಪಕ್ಷಿಧಾಮವನ್ನು ನೆನೆಯಲಿ. ಆ ಕೆರೆಯ ಫೋಟೋದಲ್ಲಿ ಇಲ್ಲದ ಹಕ್ಕಿಯೊಂದನ್ನು ಅಂದಕ್ಕಾಗಿ ಸೇರಿಸಿದರೆ, ನಾಳೆ ಅದನ್ನು ನಂಬಿದವನೊಬ್ಬ ಆ ಹಕ್ಕಿ ಇಲ್ಲಿಗೆ ಬರುತ್ತದೆಂದು ಬರೆದಿಡುತ್ತಾನೆ. ಯಾದಗಿರಿಯ ಬೆಟ್ಟದ ಮೇಲಿನ ಕೋಟೆಯ ಫೋಟೋದಲ್ಲಿ ಗೋಡೆಯ ಮೇಲೆ ಗೀಚಿದ ಹೆಸರುಗಳನ್ನೂ ಬಿದ್ದ ಪ್ಲಾಸ್ಟಿಕ್ಕನ್ನೂ ಅಳಿಸಿದರೆ ಫೋಟೋ ಚೆಂದವಾಗುತ್ತದೆ, ನಿಜ. ಆದರೆ ಕೋಟೆ ಸ್ವಚ್ಛವಾಗುವುದಿಲ್ಲ. ಫೋಟೋದಲ್ಲಿ ಕಸ ಕಾಣದಿದ್ದರೆ ಅದನ್ನು ಎತ್ತಬೇಕೆಂದು ಯಾರಿಗೂ ಅನ್ನಿಸುವುದೂ ಇಲ್ಲ.

ಇನ್ನು ಕಲೆಯ ಪಕ್ಷ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಗೆ ನಾಡಿನಲ್ಲಿಯೇ ಹೆಸರಿದೆ. ಆ ಚಿತ್ರಗಾರರು ದೇವತೆಗಳ ಒಡವೆಗೆ ಚಿನ್ನದ ಲೇಪ ಕೊಟ್ಟರು. ಇದು ಸುಳ್ಳೆಂದು ಯಾರೂ ಹೇಳಲಿಲ್ಲ, ಏಕೆಂದರೆ ಅದು ಚಿತ್ರವೆಂದು ನೋಡುವವರಿಗೆ ತಿಳಿದಿತ್ತು. ಛಾಯಾಗ್ರಾಹಕನೂ ಹಾಗೆಯೇ ಕಲ್ಪನೆಯ ಚಿತ್ರ ಮಾಡಬಯಸಿದರೆ ಮಾಡಲಿ. ಇಂಗ್ಲೆಂಡಿನ ರೇಲಾಂಡರ್ ೧೮೫೭ರಷ್ಟು ಹಿಂದೆಯೇ ಸುಮಾರು ಮೂವತ್ತು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರ ಮಾಡಿದ್ದನು. ಆದರೆ ‘ಇದು ಕೂಡಿಸಿ ಮಾಡಿದ್ದು’ ಎಂದು ಒಂದು ಸಾಲು ಕೆಳಗೆ ಬರೆಯಲಿ. ಆ ಒಂದು ಸಾಲಿನಿಂದ ಕಲೆಗೆ ಕುಂದಿಲ್ಲ. ಬರೆಯಲು ಹಿಂಜರಿಕೆಯಾದರೆ, ಆ ಚಿತ್ರ ಕಲೆಯ ವೇಷದಲ್ಲಿ ಸಾಕ್ಷಿಯ ಗೌರವವನ್ನು ಬಯಸುತ್ತಿದೆ ಎಂದೇ ಅರ್ಥ. ಈಗಂತೂ ಕ್ಯಾಮೆರಾವನ್ನೇ ಮುಟ್ಟದೆ, ನಾಲ್ಕು ಮಾತು ಬರೆದು ಕಂಪ್ಯೂಟರಿನಿಂದ ಫೋಟೋದಂಥ ಚಿತ್ರವನ್ನು ಪಡೆಯಬಹುದಾಗಿದೆ. ಹೀಗಾಗಿ ಆ ಸಾಲಿನ ಬೆಲೆ ಇನ್ನೂ ಹೆಚ್ಚಿದೆ.

೭. ನಾವು ಮಾಡಬಹುದಾದದ್ದು

ಇಷ್ಟು ವಿಚಾರಿಸಿದ ಮೇಲೆ, ಫೋಟೋಗ್ರಾಫರನು ತಿದ್ದಬೇಕೇ ಎಂದು ಯಾರಾದರೂ ಕೇಳಿದರೆ ‘ತಿದ್ದಲಿ’ ಎಂದೇ ನನ್ನ ಉತ್ತರ. ಆದರೆ ನಾಲ್ಕು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತಿದ್ದಲಿ. ಮೊದಲನೆಯದು, ಮೂಲ ಫೋಟೋವನ್ನು ಅಳಿಸದೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಪ್ರತಿಯ ಮೇಲೆ ಮಾತ್ರ ಕೈಹಚ್ಚಬೇಕು. ಎರಡನೆಯದು, ಕಣ್ಣಾರೆ ಕಂಡದ್ದರ ಕಡೆಗೆ ತಿದ್ದಬೇಕು, ಕಾಣಬೇಕೆನ್ನಿಸಿದ್ದರ ಕಡೆಗಲ್ಲ. ಮೂರನೆಯದು, ಒಬ್ಬರ ಮುಖವನ್ನು ತಿದ್ದುವ ಮುನ್ನ ಅವರನ್ನು ಕೇಳಬೇಕು. ಮುಖ ಅವರದು, ಗಿರಾಕಿಯದೂ ಅಲ್ಲ, ಸ್ಟುಡಿಯೋದ್ದೂ ಅಲ್ಲ. ನಾಲ್ಕನೆಯದು, ಮಾಡ��ದ ತಿದ್ದುಪಡಿಯನ್ನು ನೋಡುವವರ ಮುಂದೆ ಬಾಯಿಬಿಟ್ಟು ಹೇಳಲು ಸಾಧ್ಯವೇ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ‘ನೆರಳು ಎತ್ತಿದೆ’ ಎಂದು ಯಾರೂ ನಾಚದೆ ಹೇಳಬಲ್ಲರು. ‘ನಿಮ್ಮ ಮಗಳ ಬಣ್ಣ ತೆಗೆದೆ’ ಎಂದು ಹೇಳಲು ನಾಲಗೆ ಏಳದು.

ನಮ್ಮ ಜಿಲ್ಲೆಯ ಜನರ ಫೋಟೋಗಳನ್ನು ಬಹುಕಾಲ ಹೊರಗಿನವರೇ ತೆಗೆದರು. ಅವರು ತೆಗೆದದ್ದೇ ನಮ್ಮ ರೂಪವೆಂದು ಪುಸ್ತಕಗಳಲ್ಲಿ ನಿಂತಿತು. ಈಗ ಮೊದಲ ಸಲ ಕ್ಯಾಮೆರಾ ನಮ್ಮ ಕೈಯಲ್ಲಿದೆ. ಇನ್ನು ಐವತ್ತು ವರ್ಷಗಳ ತರುವಾಯ ಯಾದಗಿರಿ, ಶಹಾಪುರ, ಸುರಪುರಗಳ ಜನ ಹೇಗಿದ್ದರೆಂದು ತಿಳಿಯಬಯಸುವವನು ನಮ್ಮ ಮೊಬೈಲಿನ ಫೋಟೋಗಳನ್ನೇ ನೋಡಬೇಕಾಗುತ್ತದೆ. ಈ ಕಪ್ಪು ಮಣ್ಣು, ಈ ಬಿಸಿಲು, ಈ ಬಿಸಿಲಿಗೆ ಮಾಗಿದ ಮುಖಗಳು ಅವನಿಗೆ ಸಿಗಬೇಕು. ಆ ಮುಖಗಳು ಸ್ಪಷ್ಟವಾಗಿ ಕಾಣಲೆಂದು ಎಷ್ಟು ತಿದ್ದಿದರೂ ಅಡ್ಡಿಯಿಲ್ಲ. ಅವು ಬೇರೆಯವರ ಮುಖಗಳಾಗದಂತೆ ನೋಡಿಕೊಂಡರೆ ಸಾಕು.